ಕೈಯಲ್ಲೇ ಸ್ಟಾರ್ಟ್ ಆಗುವ ಯೆಜ್ಡಿ: ಸಿಡಿಐ ಬಿಚ್ಚಿ ಪಾಯಿಂಟ್‌ಗೆ ವಾಪಸ್ ಹೋದ ನನ್ನ ಅನುಭವ

ನನ್ನ ಹಳೇ ಬೈಕ್ ಯೆಜ್ಡಿ ಕ್ಲಾಸಿಕ್ ಈಗ ಜುಲೈ ತಿಂಗಳ ಮಳೆಯಲ್ಲೂ ಬೆಳಿಗ್ಗೆ ಒಂದೇ ಕಿಕ್‌ಗೆ ಏಳುತ್ತದೆ. ಎಷ್ಟೋ ಸಲ ಕಾಲೂ ಬೇಡ, ಕೈಯಲ್ಲಿ ಒತ್ತಿದರೆ ಸಾಕು. ಕೊಡಗಿನ ಸುಂಟಿಕೊಪ್ಪದಿಂದ ಕುಶಾಲನಗರದವರೆಗೆ ನಾನು ಕೇಳಿದ ಗ್ಯಾರೇಜಿನವರೆಲ್ಲ ಹೇಳಿದ್ದು ಒಂದೇ ಮಾತು: ಸಿಡಿಐ (ಪ್ಲಗ್‌ಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಹಾಕಿಸಿ, ಆಗದಿದ್ದರೆ ಮಾರಿಬಿಡಿ. ನಾನು ಹಾಕಿಸಿದ್ದ ಸಿಡಿಐಯನ್ನೇ ಬಿಚ್ಚಿ ಹಳೇ ಪಾಯಿಂಟ್ (ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸ್ವಿಚ್ಚು), ಬ್ಯಾಟರಿ ಚಾರ್ಜ್ ಮಾಡುವ ಡೈನಮೊ, 6 ವೋಲ್ಟ್ ಬ್ಯಾಟರಿಗೆ ವಾಪಸ್ ಹೋದೆ. ಆಗ ನಕ್ಕವರು ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನಾನು ಕಾಫಿ ಎಸ್ಟೇಟ್ ಒಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಟ್ರಾನ್ಸ್ ಹೆಣ್ಣು. ಈ ಎರಡನೇ ವಿಷಯಕ್ಕೂ ಕಿಕ್ಕಿಗೂ ನೇರ ಸಂಬಂಧ ಇದೆ, ಅದಕ್ಕೇ ಹೇಳಿದೆ. ಈಸ್ಟ್ರೋಜೆನ್ ಮತ್ತು ಟೆಸ್ಟೋಸ್ಟೆರಾನ್ ತಗ್ಗಿಸುವ ಮಾತ್ರೆ ಶುರು ಮಾಡಿದ ಮೇಲೆ ಮೈಯ ಶಕ್ತಿ ನಿಧಾನಕ್ಕೆ ಇಳಿಯುತ್ತದೆ. ಮೊದಮೊದಲು ಗೊತ್ತಾಗಲಿಲ್ಲ. ಆಮೇಲೆ ಗಟ್ಟಿ ಕೂತ ನಟ್ಟು ಬಿಚ್ಚಲು ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಬೇಕಾಯಿತು. ಕಾಫಿ ಮೂಟೆಗೆ ಕೈ ಹಾಕುವುದು ಬಿಟ್ಟೆ. ಅದೆಲ್ಲ ನಡೆಯುತ್ತದೆ, ಪೈಪ್ ಇದ್ದರೆ ಯಾರು ಬೇಕಾದರೂ ನಟ್ಟು ಬಿಚ್ಚಬಹುದು. ಕಿಕ್ಕಿಗೆ ಮಾತ್ರ ಪೈಪ್ ಸಿಕ್ಕಿಸಲು ಬರುವುದಿಲ್ಲವಲ್ಲ. ಮೊದಲು ಎರಡು ಒದೆತಕ್ಕೆ ಏಳುತ್ತಿದ್ದ ಗಾಡಿ, ಹತ್ತು ಹದಿನೈದು ಒದ್ದರೂ ಕೆಮ್ಮಿ ಸುಮ್ಮನಾಗತೊಡಗಿತು.

ಸುತ್ತಲಿನವರಿಗೆ ಇದು ಒಳ್ಳೇ ಸಾಕ್ಷಿ ಸಿಕ್ಕಂತಾಯಿತು. "ಹೆಣ್ಣಾದ ಮೇಲೆ ಇದೆಲ್ಲ ಯಾಕಕ್ಕ, ಒಂದು ಸ್ಕೂಟಿ ತಗೊಳ್ಳಿ" ಅಂತ ಗ್ಯಾರೇಜಿನ ಹುಡುಗ. ನಮ್ಮ ಟ್ರಾನ್ಸ್ ಸಮುದಾಯದ ಜಮಾತಿನ ಹಿರಿಯರೊಬ್ಬರು ಇನ್ನೂ ಮುಂದೆ ಹೋಗಿ, "ಗ್ರೀಸ್ ಕೈಯಲ್ಲಿ ಇರೋದು ಗಂಡಸಿನ ವಾಸನೆ ಕಣೇ, ಅದು ಹೋಗೋವರೆಗೆ ನೀನು ಪೂರ್ತಿ ಆಗಲ್ಲ" ಅಂದರು. ಹಾರ್ಮೋನ್‌ಗೆ ಮುಂಚೆ ಕೌನ್ಸೆಲಿಂಗ್‌ಗೆ ಹೋಗುವಾಗಲೂ ಗೆಳತಿಯರು ಬೈಕ್ ವಿಷಯ ಎತ್ತಬೇಡ, ಅಡುಗೆ, ರಂಗೋಲಿ ಅಂತ ಹೇಳು ಅಂದಿದ್ದರು. ನಾನು ಯೆಜ್ಡಿ ಅಂತಲೇ ಹೇಳಿದೆ. ಏನೂ ಆಗಲಿಲ್ಲ. ನನ್ನಂಥದೇ ಟ್ರಾನ್ಸ್ ಹೆಣ್ಣು, ಇಂಗ್ಲೆಂಡಿನ ರಾಬರ್ಟಾ ಕೋವೆಲ್ ಎರಡನೇ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನ ಹಾರಿಸಿದವಳು, ಕಾರ್ ರೇಸ್ ಓಡಿಸಿದವಳು. 1951ರಲ್ಲಿ ಆಪರೇಷನ್ ಆಯಿತು, ಆಮೇಲೂ ರೇಸ್ ಬಿಡಲಿಲ್ಲ. ನಮ್ಮ ಕಾಲದಲ್ಲಿ ಇನ್ನೊಬ್ಬ ಟ್ರಾನ್ಸ್ ಹೆಣ್ಣು ಚಾರ್ಲಿ ಮಾರ್ಟಿನ್ ಇದ್ದಾಳೆ, 2020ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ 24 ಗಂಟೆ ರೇಸ್‌ಗೆ ಇಳಿದಳು. ಅವರ ಮುಂದೆ ನನ್ನದು ಒಂದು ಹಳೇ ಟೂ ಸ್ಟ್ರೋಕು, ಅಷ್ಟೇ.

ಇನ್ನು ದುಡ್ಡು ಹೋದ ಕಥೆ.

ಗಾಡಿ ಸಿಕ್ಕಿದ್ದು ಒಂದು ಹಳೇ ಬಂಗಲೆಯ ಶೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ. ಹದಿನೆಂಟೋ ಇಪ್ಪತ್ತೋ ಸಾವಿರ ಕೊಟ್ಟ ನೆನಪು. ಆಗ ನಾನಿನ್ನೂ ಹಳೇ ಹೆಸರಿನಲ್ಲಿದ್ದೆ. ಕಿಕ್ ತೊಂದರೆ ಶುರುವಾದಾಗ ಮೊದಲು ಬೋರ್ ಮಾಡಿಸಿ ಪಿಸ್ಟನ್ ಹಾಕಿಸಿದೆ, ಸುಮಾರು ನಾಲ್ಕು ಸಾವಿರ. ಕಂಪ್ರೆಷನ್ ಜಾಸ್ತಿಯಾಯಿತು, ಕಿಕ್ ಇನ್ನೂ ಗಟ್ಟಿಯಾಯಿತು! ಆಮೇಲೆ ಗಾಡಿಯ ಮೂಲ ಜಿಕೋವ್ ಕಾರ್ಬುರೇಟರ್ ತೆಗೆದು ಬೇರೆಯದು, ಎರಡೂವರೆ ಸಾವಿರ. ಬೇಸಿಗೆಯಲ್ಲಿ ಚೆನ್ನಾಗಿತ್ತು, ಜೂನ್ ಬಂದ ಕೂಡಲೇ ಮತ್ತೆ ಅದೇ ರಾಗ. ಕೊನೆಗೆ ಎಲ್ಲರೂ ಹೇಳಿದ ಸಿಡಿಐ. ಬೇರೊಂದು ಟೂ ಸ್ಟ್ರೋಕ್ ಗಾಡಿಯ ಮ್ಯಾಗ್ನೆಟ್ ಕೂರಿಸಿ, ಲೇತ್‌ನಲ್ಲಿ ಪ್ಲೇಟ್ ಮಾಡಿಸಿ, ಲೇಬರ್ ಎಲ್ಲ ಸೇರಿ ಏಳು ಸಾವಿರದ ಹತ್ತಿರ. ಗಾಡಿ ಓಡುವಾಗ ಬೆಣ್ಣೆ. ಆದರೆ ಸ್ಟಾರ್ಟ್ ಮಾಡಲು ಒಬ್ಬ ಗಂಡಾಳು ಬೇಕು. ಮೆಕಾನಿಕ್ ಕಾಕ ಒದ್ದರೆ ಒಂದೇ ಏಟಿಗೆ ಏಳುತ್ತದೆ, ನಾನು ಒದ್ದರೆ ಇಲ್ಲ. "ಗಾಡಿ ಸರಿ ಇದೆ ಮೋಳೆ (ಮಗಳೇ), ನಿನ್ನ ಕಾಲೇ ಸರಿ ಇಲ್ಲ" ಅಂದರು ಕಾಕ. ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ.

ಅದೇ ಮಾತು ತಲೆಯಲ್ಲಿ ಉಳಿಯಿತು. ಕಾಲು ಮೊದಲಿನಂತೆ ಆಗುವುದಿಲ್ಲ, ಹಾಗಾದರೆ ನಿಧಾನದ ಕಿಕ್ಕಿಗೆ ಗಾಡಿ ಏನು ಮಾಡುತ್ತದೆ ಅಂತ ನೋಡಬೇಕು. ಒಂದು ರಾತ್ರಿ ಶೆಡ್ಡಿನ ಲೈಟ್ ಆರಿಸಿ, ಪ್ಲಗ್ ಬಿಚ್ಚಿ ಹೆಡ್ಡಿನ ಮೇಲೆ ಮಲಗಿಸಿ, ಕಿಕ್ ಲಿವರ್ ಕೈಯಲ್ಲಿ ನಿಧಾನ ಒತ್ತಿದೆ. ಕಿಡಿಯೇ ಇಲ್ಲ. ಸ್ವಲ್ಪ ಜೋರಾಗಿ ಒತ್ತಿದೆ, ಕೆಂಪಗೆ ಒಂದು ಚುಕ್ಕೆ. ನಿಂತು ಒದ್ದಾಗ ಮಾತ್ರ ನೀಲಿ ಕಿಡಿ. ಮ್ಯಾಗ್ನೆಟ್ ಹಣೆಬರಹವೇ ಅಷ್ಟು, ಅದು ತಿರುಗುವ ವೇಗಕ್ಕೆ ತಕ್ಕಷ್ಟೇ ಕರೆಂಟ್ ಕೊಡುತ್ತದೆ. ಶೆಲ್ಫ್ ಮೇಲೆ ಬಿದ್ದಿದ್ದ ಹಳೇ ಡೈನಮೊ, ಪಾಯಿಂಟ್ ಪ್ಲೇಟ್ ಎಲ್ಲ ಮಾರನೇ ದಿನ ಕೂರಿಸಿ ಅದೇ ಪರೀಕ್ಷೆ ಮಾಡಿದೆ. ಎರಡು ಬೆರಳಲ್ಲಿ ತಿರುಗಿಸಿದರೂ ಪಾಯಿಂಟ್ ಬಿಡುವ ಗಳಿಗೆಯಲ್ಲಿ ಟಪ್ ಅಂತ ನೀಲಿ ಕಿಡಿ. ಇಲ್ಲಿ ಕಿಡಿ ಹುಟ್ಟಿಸುವ ಕಾಯಿಲ್‌ಗೆ ಕರೆಂಟ್ ಕೊಡುವುದು ಬ್ಯಾಟರಿ. ಕಿಕ್ ನಿಧಾನವೋ ಜೋರೋ ಅದಕ್ಕೆ ಲೆಕ್ಕ ಇಲ್ಲ. ಬ್ಯಾಟರಿಯಿಂದಲೇ ನಡೆಯುವ ಸಿಡಿಐ ಕಿಟ್‌ಗಳೂ ಇವೆ, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಮ್ಯಾಗ್ನೆಟ್ ಸಿಡಿಐ ಬಗ್ಗೆ.

"ಎಲ್ಲರೂ ಮುಂದೆ ಹೋಗ್ತಾರೆ, ನೀನು ಹಿಂದೆ ಹೋಗ್ತೀಯಲ್ಲ" ಅಂತ ಕಾಕ ತಲೆ ಚಚ್ಚಿಕೊಂಡರು.

ಕಿಡಿ ಸಿಕ್ಕಿತು ಅಂದಮಾತ್ರಕ್ಕೆ ಮುಗಿಯಲಿಲ್ಲ. ಕ್ರ್ಯಾಂಕಿನ ಎರಡೂ ಕಡೆಯ ಆಯಿಲ್ ಸೀಲ್ ಬದಲಾಯಿಸಿದೆ. ಎಡಗಡೆಯದು ಹೋದರೆ ಗೇರ್ ಆಯಿಲನ್ನೇ ಕುಡಿದು ಬಿಳಿ ಹೊಗೆ ಬಿಡುತ್ತದೆ, ಪ್ಲಗ್ ಒದ್ದೆ. ಬಲಗಡೆಯದು ಹೋದರೆ ಗಾಳಿ ಎಳೆದು ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿಯುತ್ತದೆ. ನನ್ನದರಲ್ಲಿ ಎರಡೂ ಅರ್ಧ ಹೋಗಿದ್ದವು. ಎರಡಕ್ಕೂ ಸೇರಿ ಮುನ್ನೂರು ರೂಪಾಯಿ ಒಳಗೆ, ಆದರೆ ಎಂಜಿನ್ ಬಿಚ್ಚಿದ ಲೇಬರ್ ಅದರ ಹತ್ತರಷ್ಟು. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಅರವತ್ತು ರೂಪಾಯಿಯದು ಒಂದು ತಿಂಗಳು ಬಾಳಲಿಲ್ಲ, ಪಾಯಿಂಟ್ ಮೇಲೆ ಗುಳಿ ಬಿತ್ತು. ಈಗ ಹಾಕಿರುವುದು ಬೈಕಿನದಲ್ಲ, ಯಾವ ಗಾಡಿಯದು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಕುಶಾಲನಗರದಲ್ಲಿ ನನಗೇ ಸಿಗುವುದಿಲ್ಲ.

ಪಾಯಿಂಟ್ ಗ್ಯಾಪ್ 0.4 ಮಿ.ಮೀ., ಪ್ಲಗ್ 0.6ರ ಆಸುಪಾಸು. ಟೈಮಿಂಗ್‌ಗೆ, ಅಂದರೆ ಕಿಡಿ ಬೀಳುವ ಗಳಿಗೆ ಹೊಂದಿಸಲು, ಪ್ಲಗ್ ತೂತಿನಲ್ಲಿ ಅಳತೆಯ ವರ್ನಿಯರ್ ಇಳಿಸಿ, ಪಾಯಿಂಟ್ ನಡುವೆ ಸಿಗರೇಟ್ ಪ್ಯಾಕಿನ ತೆಳು ಹಾಳೆ ಇಟ್ಟು ಎಳೆಯುವುದು. ಹಾಳೆ ಸಡಿಲವಾದ ಜಾಗವೇ ಪಾಯಿಂಟ್ ಬಿಡುವ ಜಾಗ. ಎಲ್ಲರೂ ಪಿಸ್ಟನ್ ಮೇಲೆ ಬರಲು ಮೂರು ಮಿ.ಮೀ. ಇರುವಾಗ ಇಡುತ್ತಾರೆ. ನಾನು ಅದಕ್ಕಿಂತ ಸ್ವಲ್ಪ ಕಮ್ಮಿ ಇಟ್ಟಿದ್ದೇನೆ. ಎಷ್ಟು ಕಮ್ಮಿ ಅನ್ನುವುದು ನಿಮ್ಮ ಗಾಡಿ ನೋಡಿ ನೀವೇ ಹುಡುಕಬೇಕು. ಏರಿನಲ್ಲಿ ಒಂಚೂರು ಎಳೆತ ಹೋಗುತ್ತದೆ, ಆದರೆ ಕಿಕ್ ತಿರುಗಿ ಹೊಡೆಯುವುದಿಲ್ಲ. ಒಮ್ಮೆ ಮೊಣಕಾಲಿಗೆ ಹೊಡೆಸಿಕೊಂಡವರಿಗೆ ಈ ಎಳೆತದ ಆಸೆ ಇರುವುದಿಲ್ಲ.

ಬ್ಯಾಟರಿಗೆ ಎಮರ್ಜೆನ್ಸಿ ಲ್ಯಾಂಪಿನ 6 ವೋಲ್ಟ್ 4.5 ಆಂಪಿಯರ್-ಅವರ್ ಸೀಲ್ಡ್ ಬ್ಯಾಟರಿ. ನಾನೂರೋ ಐನೂರೋ. ಇದಕ್ಕೂ ನಕ್ಕರು. ಮಂಜಿನಲ್ಲಿ ನಿಧಾನ ಹೋಗುವಾಗ ಡೈನಮೊ ಚಾರ್ಜ್ ಮಾಡುವುದಿಲ್ಲ, ಹೆಡ್‌ಲೈಟ್ ಎಲ್ಲ ತಿಂದುಹಾಕುತ್ತದೆ. ಅದಕ್ಕೆ 6 ವೋಲ್ಟಿನ ಎಲ್‌ಇಡಿ ಬಲ್ಬ್ ಹಾಕಿದೆ. ವಾರಕ್ಕೊಮ್ಮೆ ಮನೆಯಲ್ಲಿ ಚಾರ್ಜಿಗೆ ಇಡುತ್ತೇನೆ. ಕೀ ಆನ್ ಮಾಡಿಟ್ಟು ಯಾರ ಜೊತೆಗಾದರೂ ಮಾತಿಗೆ ನಿಂತರೆ ಮಾತ್ರ ಬ್ಯಾಟರಿಯ ಕಥೆ ಮುಗೀತು.

ಉಳಿದಿದ್ದು ತೇವ. ನಮ್ಮ ಎಸ್ಟೇಟಿನ ಮಳೆ ಪುಸ್ತಕ ಬರೆಯುವವಳು ನಾನೇ. ವರ್ಷಕ್ಕೆ ಎಂಬತ್ತು ಇಂಚಿನ ಹತ್ತಿರ ಬರುತ್ತದೆ. ಮಡಿಕೇರಿಯವರು ನೂರ ಇಪ್ಪತ್ತು ನೋಡಿದವರು, ಅವರಿಗೆ ಇದು ಮಳೆಯೇ ಅಲ್ಲ. ಡೈನಮೊ ಕವರ್ ಬಿಚ್ಚಿದರೆ ಒಳಗೆ ಬೆವರಿದಂತೆ ಹನಿ. ಕಾಯಿಲ್, ಪ್ಲೇಟ್ ಎಲ್ಲ ಬಿಚ್ಚಿ ಹಂಡೆ ಒಲೆಯ ಪಕ್ಕದ ಕಟ್ಟೆಯಲ್ಲಿ ಒಂದು ರಾತ್ರಿ ಇಟ್ಟು ನೋಡಿದೆ. ಮುಟ್ಟಿದರೆ ಕೈಗೆ ಹಿತವಾಗಿ ಬೆಚ್ಚಗಿರಬೇಕು, ಸುಡಬಾರದು. ಆಮೇಲೆ ಕಾಯಿಲ್‌ಗೆ ವೈಂಡಿಂಗ್ ಅಂಗಡಿಯವರು ಹಚ್ಚುವ ವಾರ್ನಿಶ್. ಅದಾದ ಮೇಲೆ ತೇವದ ಕಾಟ ಅರ್ಧಕ್ಕರ್ಧ ಇಳಿಯಿತು. ಉಳಿದರ್ಧ ಇಳಿದಿದ್ದು ಕವರಿಗೆ ಮಾಡಿದ ಒಂದು ಚಿಕ್ಕ ಕೆಲಸದಿಂದ. ಅದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ.

ಪೆಟ್ರೋಲ್ ಇನ್ನೊಂದು ತಲೆನೋವು. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಅದು ನೀರು ಎಳೆಯುತ್ತದೆ. ಮಳೆಗಾಲದಲ್ಲಿ ಗಾಡಿ ಕೆಲವು ವಾರ ನಿಂತರೆ ಆ ನೀರು ಕಾರ್ಬುರೇಟರ್ ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ, ಬೆರಳಿಗೆ ಸಿಕ್ಕರೆ ಲೋಳೆ. ಅದಕ್ಕೆ ಮನೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಟ್ಯಾಪ್ ಬಂದ್ ಮಾಡಿ, ಕಾರ್ಬುರೇಟರ್ ಖಾಲಿಯಾಗಿ ಗಾಡಿ ತಾನೇ ನಿಲ್ಲುವಂತೆ ಮಾಡುತ್ತೇನೆ. ಅಂದಾಜು ಕೂತ ಮೇಲೆ ಸರಿಯಾಗಿ ಗೇಟಿಗೇ ಬಂದು ನಿಲ್ಲುತ್ತದೆ. ಟೂ ಟಿ ಆಯಿಲ್ ಲೀಟರಿಗೆ 35 ಎಂ.ಎಲ್. ಹಾಕುತ್ತೇನೆ. ಕಾರ್ಬುರೇಟರಿನ ಮೇನ್ ಜೆಟ್ ನಂಬರ್ ಕೇಳಬೇಡಿ.

ಇದರ ನಡುವೆ ಟ್ಯಾಂಕಿನ ತುಕ್ಕಿಗೆ ಒಂದು ಪ್ರಯೋಗ ಮಾಡಿದೆ. ಟ್ಯಾಂಕ್ ತುಂಬ ನೀರು, ನಾಲ್ಕೈದು ಚಮಚ ವಾಷಿಂಗ್ ಸೋಡಾ, ಮಧ್ಯೆ ಟ್ಯಾಂಕಿಗೆ ತಾಗದಂತೆ ಒಂದು ಕಬ್ಬಿಣದ ಸರಳು. ಚಾರ್ಜರಿನ ಪಾಸಿಟಿವ್ ಸರಳಿಗೆ, ನೆಗೆಟಿವ್ ಟ್ಯಾಂಕಿಗೆ. ಉಲ್ಟಾ ಕೊಟ್ಟರೆ ಟ್ಯಾಂಕೇ ಕರಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಡವೇ ಬೇಡ, ನೀರು ವಿಷವಾಗುತ್ತದೆ. ಗುಳ್ಳೆ ಬರುವುದು ಹೈಡ್ರೋಜನ್, ಹತ್ತಿರ ಬೀಡಿ ಹಚ್ಚುವವರನ್ನು ಓಡಿಸಿ. ಮೊದಲು ಪೆಟ್ರೋಲ್ ವಾಸನೆ ಪೂರ್ತಿ ಹೋಗುವ ತನಕ ಸೋಪು ನೀರಲ್ಲಿ ತೊಳೆದಿರಬೇಕು. ಒಂದು ರಾತ್ರಿಗೆ ಸರಳಿನ ಮೇಲೆ ಒಂದು ಬೆರಳು ದಪ್ಪ ಕೆಸರು ಕೂತಿತ್ತು. ಖರ್ಚು ನೂರು ರೂಪಾಯಿಯೂ ಇಲ್ಲ.

ಸ್ಟಾರ್ಟ್ ಮಾಡುವ ಕ್ರಮ ಹೀಗೆ. ಟ್ಯಾಪ್ ಬಿಟ್ಟು, ಕಾರ್ಬುರೇಟರ್ ಮೇಲಿನ ಟಿಕ್ಲರ್ ಗುಂಡಿ ಒತ್ತಿ ಪೆಟ್ರೋಲ್ ಜಿನುಗುವವರೆಗೆ ಕಾಯಬೇಕು. ಕೀ ಆಫ್ ಇರುವಾಗಲೇ ಎರಡು ನಿಧಾನದ ಕಿಕ್, ಪೆಟ್ರೋಲ್ ಒಳಗೆ ಹೋಗಲಿ. ಲಿವರ್ ಬಿಗಿಯಾಗುವ ಜಾಗಕ್ಕೆ ತಂದು, ಲಿವರನ್ನು ಮತ್ತೆ ಪೂರ್ತಿ ಮೇಲೆ ಬಿಡಿ. ಆಗ ಕೀ ಆನ್. ಸೆಂಟರ್ ಸ್ಟ್ಯಾಂಡ್ ಹಾಕಿದ ಗಾಡಿಯ ಎಡಗಡೆ ನಿಂತು ಮೈಭಾರ ಬಿಟ್ಟರೆ ಸಾಕು, ಒದೆಯಬಾರದು. ನನ್ನ ತೂಕ ಐವತ್ತೆಂಟರ ಹತ್ತಿರ, ಅಷ್ಟೇ ಬೇಕಾಗಿರುವುದು. ಎಂಜಿನ್ ಬಿಸಿ ಇದ್ದರೆ ಟಿಕ್ಲರ್ ಬೇಡ, ಅಂಗೈಯಲ್ಲಿ ಒತ್ತಿದರೆ ಏಳುತ್ತದೆ. ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡುವ ಹಳೇ ವ್ಯವಸ್ಥೆ ಈ ಗಾಡಿಯಲ್ಲಿದೆಯಲ್ಲ, ಅದನ್ನೂ ಸರಿಯಾಗಿ ಅಡ್ಜಸ್ಟ್ ಮಾಡಿಸಿಕೊಂಡರೆ ಎಡಗೈ ನೋವೂ ಇಲ್ಲ.

ನನ್ನಂಥ ಹೆಣ್ಣುಮಕ್ಕಳಿಗೆ ಎರಡು ಮಾತು. ಗಾಜಿನ ಬಳೆ ಇದ್ದರೆ ಇರಲಿ, ಲೋಹದ ಬಳೆ, ಉಂಗುರ ತೆಗೆದು ಬ್ಯಾಟರಿಗೆ ಕೈ ಹಾಕಿ. 6 ವೋಲ್ಟೇ ಅಂತ ಉದಾಸೀನ ಮಾಡಬೇಡಿ, ಶಾರ್ಟ್ ಆದರೆ ಉಂಗುರ ಕಾದು ಬೆರಳು ಸುಡುತ್ತದೆ. ದುಪಟ್ಟಾ ಸೊಂಟಕ್ಕೆ ಬಿಗಿಯಾಗಿ ಕಟ್ಟಿ, ಇಲ್ಲ ಮನೆಯಲ್ಲೇ ಬಿಡಿ. ಉಗುರಿನ ಗ್ರೀಸಿಗೆ ತೆಂಗಿನೆಣ್ಣೆ, ಸಕ್ಕರೆ ಹಾಕಿ ಉಜ್ಜಿದರೆ ಯಾವ ಸೋಪೂ ಬೇಡ. ಉಳಿದಿದ್ದನ್ನು ಮೆರೂನ್ ನೇಲ್ ಪಾಲಿಶ್ ಮುಚ್ಚುತ್ತದೆ.

ಕಾಗದದ ಕೆಲಸ ಎಂಜಿನ್ನಿಗಿಂತ ಕಷ್ಟ. 2019ರ ಕಾಯ್ದೆ ಪ್ರಕಾರ ಡಿಸಿ ಕೊಡುವ ಗುರುತಿನ ಚೀಟಿ ಮೊದಲು ಮಾಡಿಸಿಕೊಳ್ಳಿ. ಆಮೇಲೆ ಆಧಾರ್, ಡಿಎಲ್, ಕೊನೆಗೆ ಆರ್‌ಸಿ. ನಾನು ಹೋದ ಒಂದು ಕಚೇರಿಯಲ್ಲಿ ಹಳೇ ಓನರ್ ಬಂದು ಸಹಿ ಹಾಕಬೇಕು ಅಂದರು. "ನಾನೇ ಸಾರ್" ಅಂದೆ. "ನೀವು ಅಲ್ಲಮ್ಮ, ಗಾಡಿ ಮಾರಿದವರು." ಮಾರಿಲ್ಲ ಸಾರ್, ಹೆಸರು ಬದಲಾಗಿದೆ ಅಂತ ಚೀಟಿ ಇಟ್ಟೆ. ಚೀಟಿ ನೋಡಿ, ನನ್ನನ್ನು ನೋಡಿ, ಟೀ ಕುಡಿಯಲು ಎದ್ದು ಹೋದರು. ಆ ಸಹಿ ಆಗುವಷ್ಟರಲ್ಲಿ ಬಸ್ ಚಾರ್ಜಿಗೇ ಒಂದು ಟೈರ್ ಬರುತ್ತಿತ್ತು.

ಜುಲೈ ಎರಡನೇ ಭಾನುವಾರ, ಜಾವಾ, ಯೆಜ್ಡಿ ಗಾಡಿಯವರು ಸೇರುವ ಜಾವಾ ದಿನಕ್ಕೆ ಮೈಸೂರಿಗೆ ಇದರಲ್ಲೇ ಹೋದೆ, ನೂರು ಕಿ.ಮೀ. ಚಿಲ್ಲರೆ, ಪಿರಿಯಾಪಟ್ಟಣದವರೆಗೂ ಮಳೆ. ಈ ಗಾಡಿಗಳು ಹುಟ್ಟಿದ್ದೇ ಆ ಊರಿನ ಯಾದವಗಿರಿ ಫ್ಯಾಕ್ಟರಿಯಲ್ಲಿ, 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಸೇರಿದ್ದವರಲ್ಲಿ ಆ ಫ್ಯಾಕ್ಟರಿಯಲ್ಲಿ ದುಡಿದ ಅಜ್ಜ ಒಬ್ಬರು ನನ್ನ ಪಾಯಿಂಟ್ ಕವರ್ ಬಿಚ್ಚಿಸಿ ನೋಡಿದರು. "ಯಾರಮ್ಮ ಸೆಟ್ ಮಾಡಿದ್ದು?" ಅಂದರು. ನಾನೇ ಅಂದೆ. "ಟೈಮಿಂಗ್ ಕಮ್ಮಿ ಇಟ್ಟಿದೀಯ" ಅಂದವರು, ಅಂಗೈಯಲ್ಲಿ ಒತ್ತಿ ಸ್ಟಾರ್ಟ್ ಮಾಡಿ, ಇನ್ನೇನೂ ಹೇಳದೆ ಮುಂದಿನ ಗಾಡಿಗೆ ಹೋದರು. ಕಾಕನಿಗೆ ಅದರ ವಿಡಿಯೊ ಕಳಿಸಿದ್ದೇನೆ.

ಎಲ್ಲ ಸೇರಿ ನಲವತ್ತೈದು ಸಾವಿರ ದಾಟಿದೆ, ಅದರಲ್ಲಿ ಹದಿಮೂರು ಹದಿನಾಲ್ಕು ಸಾವಿರ ಉಪಯೋಗಕ್ಕೆ ಬಾರದ್ದು. ಸಿಡಿಐ ಸೆಟ್ ಹಾಗೇ ಇದೆ, ಕಾಲಲ್ಲಿ ಬಲ ಇದ್ದವರು ಯಾರಾದರೂ ಮೂರು ಸಾವಿರಕ್ಕೆ ತಗೊಳ್ಳುವುದಾದರೆ ಕೊಡುತ್ತೇನೆ. ಬಿಚ್ಚಿಟ್ಟ ಜಿಕೋವ್ ತೊಳೆದು ಮತ್ತೆ ಹಾಕಿದ್ದೇನೆ, ಅದನ್ನು ಮಾತ್ರ ಕೇಳಬೇಡಿ.