ಕೆಂಪು ಮೇಣದಬತ್ತಿ ಬೇಗ ಉರಿದುಹೋಗುತ್ತದೆಯೇ?

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಇಲ್ಲದೆ ಕಳೆಯುವ ಮಲೆನಾಡಿನ ಮನೆಯಲ್ಲಿ ನಲವತ್ತು ವರ್ಷ ಸಂಸಾರ ನಡೆಸಿದ ನನಗೆ ಮೇಣದಬತ್ತಿ ಎಂದರೆ ಅಕ್ಕಿ ಬೇಳೆಯಂತೆ ಲೆಕ್ಕವಿಟ್ಟು ಖರ್ಚು ಮಾಡಬೇಕಾದ ಸಾಮಾನು. ಬಣ್ಣದ ಮೇಣದಬತ್ತಿ ಬೇಗ ಮುಗಿಯುತ್ತದೆ, ಬಿಳಿಯದೇ ಬಾಳಿಕೆ ಬರುತ್ತದೆ ಎಂಬ ಮಾತನ್ನು ನಂಬಿ ನಾನೂ ಬಹಳ ವರ್ಷ ಬಿಳಿಯದನ್ನೇ ತರಿಸುತ್ತಿದ್ದೆ. ಕಳೆದ ಆಷಾಢದಲ್ಲಿ ಮೊಮ್ಮಗಳು, "ಅಜ್ಜಿ, ತೂಗಿಯೇ ನೋಡೋಣ" ಎಂದು ಹಟ ಹಿಡಿದಳು. ಒಂದೇ ತಯಾರಿಕೆಯ, ಒಂದೇ ದಪ್ಪದ ಎರಡು ಬಿಳಿ, ಎರಡು ಕೆಂಪು, ಎರಡು ನೀಲಿ ಮೇಣದಬತ್ತಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಗೇಣು ಗೇಣು ಅಂತರದಲ್ಲಿ ನಿಲ್ಲಿಸಿ, ಎರಡು ತಾಸು ಉರಿಸಿ ಮತ್ತೆ ತೂಗಿದೆವು. ಬಿಳಿಗೂ ಕೆಂಪಿಗೂ ಕಂಡ ವ್ಯತ್ಯಾಸವು ಎರಡು ಬಿಳಿಯವುಗಳ ನಡುವೆಯೇ ಇದ್ದ ವ್ಯತ್ಯಾಸಕ್ಕಿಂತ ಹೆಚ್ಚಿರಲಿಲ್ಲ.

ಯೋಚಿಸಿದರೆ ಇದು ಹೀಗೆಯೇ ಆಗಬೇಕು. ಕುಡಿಯ ಬಿಸಿಗೆ ಕರಗಿದ ಮೇಣವು ದಾರದ ಎಳೆಗಳನ್ನು ಹಿಡಿದು ಮೇಲೇರುತ್ತದೆ, ಮೇಲೆ ಆವಿಯಾಗುತ್ತದೆ, ಆ ಆವಿಯೇ ಉರಿಯುತ್ತದೆ. ಆದ್ದರಿಂದ ಮೇಣದಬತ್ತಿ ಎಷ್ಟು ಬೇಗ ಸವೆಯಬೇಕೆಂಬುದನ್ನು ತೀರ್ಮಾನಿಸುವುದು ದಾರದ ದಪ್ಪ, ಅದರ ತುದಿಯ ಉದ್ದ, ಮೇಣದ ಜಾತಿ ಮತ್ತು ಬೀಸುವ ಗಾಳಿ. ಸಾಮಾನ್ಯ ಪ್ಯಾರಾಫಿನ್ ಮೇಣವು 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಅದಕ್ಕೆ ಬೆರೆಸುವ ಬಣ್ಣ ಅತ್ಯಲ್ಪವಾದುದರಿಂದ ಕರಗುವ ಬಿಸಿಯಲ್ಲಿ ಗಮನಕ್ಕೆ ಬರುವಷ್ಟು ಏರುಪೇರಾಗುವುದಿಲ್ಲ.

ಆದರೆ ಮನೆಯಲ್ಲಿ ಬಣ್ಣ ಹಾಕಿಕೊಳ್ಳುವವರು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಉಳಿದ ಚೂರುಗಳನ್ನೆಲ್ಲ ಕರಗಿಸಿ ಹೊಸ ಮೇಣದಬತ್ತಿ ಎರೆಯುವಾಗ ನಾನೊಮ್ಮೆ ಮಕ್ಕಳ ಕ್ರೇಯಾನ್ ತುಂಡುಗಳನ್ನು ಹಾಕಿದ್ದೆ. ಹಸಿರು ಬಣ್ಣವೇನೋ ಚೆನ್ನಾಗಿಯೇ ಬಂತು, ಆದರೆ ಹಚ್ಚಿದ ಸ್ವಲ್ಪ ಹೊತ್ತಿಗೆ ಕುಡಿಯು ಹೆಸರುಕಾಳಿನಷ್ಟಾಗಿ, ಸಿಡಿಸಿಡಿ ಎಂದು ಕೊನೆಗೆ ತನ್ನ ಸುತ್ತ ಕರಗಿದ ಮೇಣದಲ್ಲೇ ಮುಳುಗಿ ಆರಿತು. ಕ್ರೇಯಾನಿನ ಬಣ್ಣದ ಪುಡಿ ಮೇಣದಲ್ಲಿ ಕರಗುವುದಿಲ್ಲ. ಅದರ ನುಣುಪಾದ ಕಣಗಳು ದಾರದ ಎಳೆಗಳ ನಡುವೆ ಸೇರಿ ಮೇಣ ಏರುವ ದಾರಿಯನ್ನು ಕಟ್ಟಿಬಿಡುತ್ತವೆ. ಮೇಣದಬತ್ತಿಗೆಂದೇ ಮಾರುವ, ಮೇಣದಲ್ಲಿ ಕರಗುವ ಬಣ್ಣವನ್ನು ಚಿಟಿಕೆಯಷ್ಟು ಮಾತ್ರ ಬಳಸಿ. ಮೇಣವನ್ನು ಎಂದಿಗೂ ನೇರ ಒಲೆಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಹೊತ್ತಿಕೊಂಡರೆ ನೀರು ಸುರಿಯಬೇಡಿ, ಒಲೆ ಆರಿಸಿ ಮುಚ್ಚಳ ಮುಚ್ಚಿ.

ಉಳಿತಾಯ ಬೇಕಾದವರು ಅಂಗಡಿಯಲ್ಲಿ ಬಣ್ಣ ನೋಡುವ ಬದಲು ದಾರವನ್ನು ನೋಡಬೇಕು. ತೆಳ್ಳಗಿನ ಮೇಣದಬತ್ತಿಗೆ ದಪ್ಪ ದಾರವಿದ್ದರೆ ಜ್ವಾಲೆ ದೊಡ್ಡದಾಗಿ, ಮೇಣ ಬದಿಯಿಂದ ಸುರಿದು ಅರ್ಧಕ್ಕರ್ಧ ತಟ್ಟೆಯ ಪಾಲಾಗುತ್ತದೆ. ಪ್ರತಿ ಸಲ ಹಚ್ಚುವ ಮೊದಲು ಕರಿಕಾದ ತುದಿಯನ್ನು ಕಾಲಿಂಚು ಉಳಿಸಿ ಕತ್ತರಿಸಿದರೆ ಮಸಿಯೂ ಕಡಿಮೆ, ಬಾಳಿಕೆಯೂ ಹೆಚ್ಚು. ಗಾಳಿಗೆ ಅಡ್ಡವಾಗಿ ಏನಾದರೂ ಇಡಿ.

ಹಾಗೆಂದು ಬಣ್ಣಕ್ಕೂ ಕರಗುವುದಕ್ಕೂ ಸಂಬಂಧವೇ ಇಲ್ಲವೆಂದು ಹೇಳುವಂತಿಲ್ಲ; ಬಿಸಿಯು ಬೆಳಕಿನ ರೂಪದಲ್ಲಿ ಬರುವಲ್ಲೆಲ್ಲ ಬಣ್ಣದ ಮಾತು ನಡೆಯುತ್ತದೆ. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ತಾನು ಬರೆದ ಪತ್ರವೊಂದರಲ್ಲಿ, ಬಿಸಿಲು ಬಿದ್ದ ಹಿಮದ ಮೇಲೆ ಬೇರೆ ಬೇರೆ ಬಣ್ಣದ ಬಟ್ಟೆಯ ತುಂಡುಗಳನ್ನು ಹಾಸಿ ನೋಡಿದ್ದನ್ನು ವಿವರಿಸಿದ್ದಾನೆ: ಕೆಲವು ತಾಸುಗಳಲ್ಲಿ ಕಪ್ಪು ಬಟ್ಟೆ ಎಲ್ಲಕ್ಕಿಂತ ಆಳಕ್ಕೆ ಇಳಿದಿತ್ತು, ಕಡುನೀಲಿ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು, ಬಿಳಿಯದು ಮಾತ್ರ ಹಿಮದ ಮೇಲೆಯೇ ಉಳಿದಿತ್ತು. ಕಪ್ಪು ಬಣ್ಣ ಬೆಳಕನ್ನು ಹೀರಿ ಕಾಯುತ್ತದೆ, ಬಿಳಿ ಬಣ್ಣ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದಲೇ ಚೈತ್ರ ವೈಶಾಖದ ಬಿಸಿಲು ಬೀಳುವ ಕಿಟಕಿಯ ಬಳಿ ಕಡುಗೆಂಪು, ಕಪ್ಪು ಮೇಣದಬತ್ತಿಗಳನ್ನು ನಿಲ್ಲಿಸಿಟ್ಟರೆ ಅವು ಬಿಳಿಯವುಗಳಿಗಿಂತ ಮೊದಲೇ ಮೆತ್ತಗಾಗಿ ಬಾಗುತ್ತವೆ. ಅವನ್ನು ಕಾಗದದಲ್ಲಿ ಸುತ್ತಿ, ಕತ್ತಲೆಯ ಕಪಾಟಿನ ಕೆಳಗಿನ ಹಲಗೆಯ ಮೇಲೆ ಅಡ್ಡಲಾಗಿ ಮಲಗಿಸಿಡಿ, ಬಣ್ಣವೂ ಮಾಸುವುದಿಲ್ಲ.

ಇದೇ ಗುಣವನ್ನು ನಾವು ಕೆಲಸಕ್ಕೂ ಬಳಸಿಕೊಳ್ಳಬಹುದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲೇ ಕರಗುವುದಾದರೂ ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಕಲ್ಲಿನಂತೆ ಕೂತಿರುತ್ತದೆ. ಅದಕ್ಕಾಗಿ ಒಲೆ ಹಚ್ಚುವ ಅಗತ್ಯವಿಲ್ಲ. ಬಾಟಲಿಗೆ ಹಳೆಯ ಕಪ್ಪು ಬಟ್ಟೆಯೊಂದನ್ನು ಬಿಗಿಯಾಗಿ ಸುತ್ತಿ, ಬಿಸಿಲು ಬಿದ್ದ ಕಡಪ ಕಲ್ಲಿನ ಮೇಲೆ ಇಡುತ್ತೇನೆ. ಮನೆಯವರ ಸ್ನಾನಕ್ಕೆ ಹಂಡೆಯ ನೀರು ಕಾಯುವ ಹೊತ್ತಿಗೆ ಅಂಚಿನ ಎಣ್ಣೆ ತಿಳಿಯಾಗಿ, ನಡುವಿನ ಬಿಳಿ ಗಟ್ಟಿ ಸಡಿಲಗೊಂಡು ಅಲುಗಾಡತೊಡಗಿರುತ್ತದೆ.