ಕುರ್ಚಿ ಕೊಳ್ಳುವ ಮೊದಲು ಕಾಲಿನ ಅಳತೆ ತೆಗೆದುಕೊಳ್ಳಿ

ಮೊದಲ ಸಲ ಆಫೀಸ್ ಕುರ್ಚಿ ಕೊಂಡಾಗ ನಾನು ನೋಡಿದ್ದು ಎತ್ತರದ ಬೆನ್ನು, ತಲೆಗೊಂದು ಒರಗು, ಮೆತ್ತನೆಯ ಕುಷನ್. ಅಂಗಡಿಯಲ್ಲಿ ಕೂತ ತಕ್ಷಣ ಹಾಯೆನಿಸಿತು. ಮೂರೇ ವಾರಕ್ಕೆ ಸೊಂಟ ಹಿಡಿದುಕೊಂಡಿತು. ಆಮೇಲೆ ಗಮನಿಸಿದರೆ, ಸೀಟು ನನ್ನ ಕಾಲಿಗೆ ತುಂಬಾ ಉದ್ದವಾಗಿತ್ತು. ಬೆನ್ನನ್ನು ಒರಗಿಗೆ ತಾಗಿಸಿ ಕೂತರೆ ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತಿತ್ತು. ಹಾಗಾಗಿ ಗೊತ್ತೇ ಆಗದಂತೆ ಮುಂದೆ ಸರಿದು ಸೀಟಿನ ತುದಿಯಲ್ಲಿ ಕೂರುತ್ತಿದ್ದೆ. ಸೊಂಟಕ್ಕೆ ಆಸರೆಯಾಗಬೇಕಿದ್ದ ಉಬ್ಬು ಬೆನ್ನಿನಿಂದ ಅರ್ಧ ಗೇಣು ದೂರದಲ್ಲಿ ಸುಮ್ನೆ ಇತ್ತು.

ಚಪ್ಪಲಿಗೆ ಸೈಜ್ ಇರುವ ಹಾಗೆ ಕುರ್ಚಿಗೂ ಸೈಜ್ ಇರಬೇಕು. 1994ರಲ್ಲಿ ಹರ್ಮನ್ ಮಿಲ್ಲರ್ ಕಂಪನಿ ಏರಾನ್ ಎಂಬ ಬಲೆಬಟ್ಟೆಯ ಕುರ್ಚಿ ತಂದಾಗ, ಅದನ್ನು ವಿನ್ಯಾಸ ಮಾಡಿದ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ಮೂರು ಸೈಜ್ ಇಟ್ಟರು. ಇಂದಿಗೂ ಹೆಚ್ಚಿನ ಕುರ್ಚಿಗಳು ಒಂದೇ ಅಳತೆಯಲ್ಲಿ ಬರುತ್ತವೆ. ಹೊಂದುತ್ತದೋ ಇಲ್ಲವೋ ಎಂದು ನೋಡಿಕೊಳ್ಳುವುದು ನಮ್ಮ ಕೆಲಸ.

ಮೊದಲು ಮೈಯ ಅಳತೆ

ಒಂದು ಟೇಪ್, ಗಟ್ಟಿ ಸ್ಟೂಲು, ಒಂದು ಗೋಡೆ ಇದ್ದರೆ ಸಾಕು. ಸ್ಟೂಲನ್ನು ಗೋಡೆಗೆ ಒತ್ತಿಸಿಟ್ಟು, ಬೆನ್ನು ಗೋಡೆಗೆ ತಾಗುವಂತೆ ನೇರವಾಗಿ ಕೂರಿ. ಕೆಲಸ ಮಾಡುವಾಗ ಚಪ್ಪಲಿ ಹಾಕುತ್ತೀರಾದರೆ ಅದೇ ಚಪ್ಪಲಿ ಹಾಕಿಕೊಂಡಿರಿ. ಬೇರೆ ಯಾರಾದರೂ ಅಳೆದರೆ ಒಳ್ಳೆಯದು, ನೀವೇ ಬಗ್ಗಿದರೆ ಅಳತೆ ತಪ್ಪುತ್ತದೆ.

ನೆಲದಿಂದ ಮಂಡಿಯ ಹಿಂಭಾಗದವರೆಗೆ ಎಷ್ಟಿದೆಯೋ ಅದು ನಿಮ್ಮ ಸೀಟಿನ ಎತ್ತರ. ಗೋಡೆಯಿಂದ ಮಂಡಿಯ ಹಿಂಭಾಗದವರೆಗಿನ ಅಳತೆಯಲ್ಲಿ 5 ಸೆಂ.ಮೀ. ಕಳೆದರೆ ಸಿಗುವುದು ಸೀಟಿನ ಆಳ. ತೋಳು ಇಳಿಬಿಟ್ಟು ಮೊಣಕೈ ಮಡಚಿ. ಕೂತ ಜಾಗದಿಂದ ಮೊಣಕೈವರೆಗಿನ ಎತ್ತರ ಕೈಯಾಸರೆಗೆ ಬೇಕು. ಈ ಮೂರನ್ನೂ ಫೋನಿನಲ್ಲಿ ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಫೋಟೋ ನೋಡುವ ಮೊದಲು ಅಳತೆಯ ಪಟ್ಟಿ ನೋಡಿ. ಸೀಟಿನ ಆಳ ಎಷ್ಟೆಂದು ಬರೆಯದ ಕುರ್ಚಿಯನ್ನು ನಾನಂತೂ ಕೊಳ್ಳುವುದಿಲ್ಲ.

ಸೀಟಿನ ಆಳ: ಎಲ್ಲರೂ ಮರೆಯುವ ಅಳತೆ

ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಸರಿದು ಕೂರಿ. ಈಗ ಸೀಟಿನ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಬೆರಳು ತೂರಿಸಿ ನೋಡಿ. ಎರಡು ಮೂರು ಬೆರಳು ಸಲೀಸಾಗಿ ಹೋಗಬೇಕು. ಒಂದೂ ಹೋಗದಿದ್ದರೆ ಆ ಸೀಟು ನಿಮಗೆ ಉದ್ದ. ಮುಷ್ಟಿಗಿಂತ ಜಾಸ್ತಿ ಜಾಗ ಉಳಿದರೆ ಗಿಡ್ಡ, ತೊಡೆಗೆ ಆಸರೆ ಸಾಲದು. ಕೆಲವು ಕುರ್ಚಿಗಳಲ್ಲಿ ಸೀಟನ್ನು ಹಿಂದೆ ಮುಂದೆ ಜಾರಿಸುವ ಹಿಡಿ ಇರುತ್ತದೆ. ನೀವು ತುಂಬಾ ಕುಳ್ಳಗೋ ತುಂಬಾ ಎತ್ತರವೋ ಇದ್ದರೆ, ಅಥವಾ ಮನೆಯಲ್ಲಿ ಇಬ್ಬರು ಅದೇ ಕುರ್ಚಿ ಬಳಸುವುದಾದರೆ, ತಲೆಗೊರಗು ಬಿಟ್ಟರೂ ಪರವಾಗಿಲ್ಲ, ಈ ಸೌಲಭ್ಯ ಬಿಡಬೇಡಿ. ಸೀಟಿನ ಮುಂದಿನ ಅಂಚು ಕೆಳಕ್ಕೆ ಬಾಗಿರಲಿ. ಚೂಪಾಗಿದ್ದರೆ ತೊಡೆಯ ಕೆಳಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ.

ಎತ್ತರ ಮತ್ತು ಮೇಜಿನ ಜಗಳ

ಪಾದ ಪೂರ್ತಿಯಾಗಿ ನೆಲಕ್ಕೆ ಊರಬೇಕು, ತೊಡೆ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿರಬೇಕು. ಸಾಮಾನ್ಯ ಗ್ಯಾಸ್ ಲಿಫ್ಟ್ ಕುರ್ಚಿಯ ಸೀಟು ಸುಮಾರು 42ರಿಂದ 53 ಸೆಂ.ಮೀ. ನಡುವೆ ಏರಿಳಿಯುತ್ತದೆ. ತೊಡಕು ಮೇಜಿನದು. ಮೇಜುಗಳು ಸುಮಾರು 73 ಸೆಂ.ಮೀ. ಎತ್ತರ ಇರುತ್ತವೆ, ಅದು ಕುಳ್ಳಗಿರುವವರಿಗೆ ಜಾಸ್ತಿಯೇ. ಕೀಬೋರ್ಡ್ ಮೊಣಕೈ ಮಟ್ಟಕ್ಕೆ ಸಿಗಲಿ ಎಂದು ಕುರ್ಚಿ ಏರಿಸುತ್ತಾರೆ, ಆಗ ಕಾಲು ತೂಗಾಡುತ್ತದೆ. ಹಾಗೆ ಕೂತವರ ಪಾದ ನೋಡಿ. ಕುರ್ಚಿಯ ಚಕ್ರದ ಕಾಲುಗಳ ಮೇಲೆ ಏರಿ ಕೂತಿರುತ್ತದೆ. ಅದರೊಂದಿಗೇ ಸೊಂಟ ಮುಂದಕ್ಕೆ ಜಾರುತ್ತದೆ. ಮೇಜು ತಗ್ಗಿಸಲು ಆಗದಿದ್ದರೆ ಕುರ್ಚಿಯನ್ನು ಮೇಜಿಗೆ ತಕ್ಕಂತೆ ಏರಿಸಿ, ಪಾದದ ಕೆಳಗೆ ಅಲುಗಾಡದ ಮಣೆಯೊಂದನ್ನು ಇಡಿ.

ಸೊಂಟದ ಆಸರೆ

ನಮ್ಮ ಸೊಂಟದಲ್ಲಿ ಐದು ಮೂಳೆಬಿಲ್ಲೆಗಳಿವೆ. ನಿಂತಾಗ ಅಲ್ಲಿ ಒಳಬಾಗು ಇರುತ್ತದೆ. ಕೂತಾಗ ಸೊಂಟದ ಕೆಳಗಿನ ಕಟಿ ಮೂಳೆ ಹಿಂದಕ್ಕೆ ಉರುಳುತ್ತದೆ, ಬಾಗು ಚಪ್ಪಟೆಯಾಗುತ್ತದೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬದುಕಿರುವವರ ಡಿಸ್ಕಿನೊಳಗೇ, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯೊಳಗೇ, ಸೂಜಿ ಇಟ್ಟು ಒತ್ತಡ ಅಳೆದಿದ್ದರು. ನಿಂತಾಗಿನದಕ್ಕಿಂತ ಆಸರೆಯಿಲ್ಲದೆ ಕೂತಾಗ ಒತ್ತಡ ಜಾಸ್ತಿ ಎಂದು ಅವರಿಗೆ ಕಂಡಿತು. ನಂತರದ ಅಳತೆಗಳಲ್ಲಿ ಆ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಆದರೆ ಮುಂದೆ ಬಾಗಿದರೆ ಒತ್ತಡ ಏರುತ್ತದೆ, ಹಿಂದಕ್ಕೆ ಒರಗಿದರೆ ಇಳಿಯುತ್ತದೆ ಎನ್ನುವುದು ಅಲ್ಲೂ ಕಂಡಿತು.

ಆದ್ದರಿಂದ ಆಸರೆಯ ಉಬ್ಬು ಸರಿಯಾದ ಜಾಗಕ್ಕೆ ಬರಬೇಕು. ಬೆಲ್ಟ್ ಕಟ್ಟುವ ಜಾಗದಲ್ಲಿ ಬೆನ್ನಿನ ಹಿಂದೆ ಅಂಗೈ ಇಟ್ಟುಕೊಳ್ಳಿ. ಅಲ್ಲಿ ಮತ್ತು ಅದಕ್ಕಿಂತ ತುಸು ಮೇಲೆ ಉಬ್ಬು ತಾಗಬೇಕು. ಪಕ್ಕೆಲುಬಿಗೆ ತಾಗಿದರೆ ಮೇಲಾಯಿತು. ಮೆಲ್ಲಗೆ ತುಂಬಿಕೊಟ್ಟಂತೆ ಅನಿಸಿದರೆ ಸರಿ, ಚುಚ್ಚಿದಂತೆ ಅನಿಸಿದರೆ ಆ ಕುರ್ಚಿ ಬೇಡ. ಏರಿಸಿ ಇಳಿಸಲು ಬರುವ ಉಬ್ಬನ್ನೇ ಆರಿಸಿ.

ಒರಗು

ಬೆನ್ನು 90 ಡಿಗ್ರಿ ನೇರ ಇರಬೇಕು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ ಅಲ್ವಾ? ಇಡೀ ದಿನ ಹಾಗೆ ಕೂರಲು ಯಾರಿಂದಲೂ ಆಗುವುದಿಲ್ಲ. 100ರಿಂದ 110 ಡಿಗ್ರಿಗೆ ಸ್ವಲ್ಪ ಹಿಂದೆ ಒರಗುವುದು ಬೆನ್ನಿಗೆ ಹಗುರ. ಸೀಟಿನ ಕೆಳಗೆ ಒಂದು ತಿರುಗಣೆ ಇರುತ್ತದೆ, ಕೊಂಡ ದಿನದಿಂದ ಅದನ್ನು ಮುಟ್ಟದವರೇ ಜಾಸ್ತಿ. ಒರಗಿನ ಬಿಗಿಯನ್ನು ನಿಮ್ಮ ತೂಕಕ್ಕೆ ಹೊಂದಿಸುವುದು ಅದೇ. ಕೈ ಬಿಟ್ಟು ಒರಗಿದರೆ ಕುರ್ಚಿ ಧಡಕ್ಕೆಂದು ಹಿಂದೆ ಹೋಗಬಾರದು, ಮುಂದಕ್ಕೆ ತಳ್ಳಲೂಬಾರದು. ಅಲ್ಲಿಯವರೆಗೂ ತಿರುಗಿಸಿ. ಆಮೇಲೆ ಲಾಕ್ ಹಾಕದೆ ಬಿಡಿ, ಬೆನ್ನು ಅಲುಗಾಡುತ್ತಿರಲಿ. ದೊಡ್ಡವರ ಡಿಸ್ಕಿಗೆ ರಕ್ತನಾಳ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪೋಷಕಾಂಶ ಸುತ್ತಲಿನಿಂದ ಒಳಗೆ ಇಳಿಯಬೇಕು, ಅದಕ್ಕೆ ಮೈ ಅಲುಗಾಡುತ್ತಿದ್ದರೆ ಒಳ್ಳೆಯದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದನ್ನು ಯಾವ ಕುರ್ಚಿಯೂ ತಪ್ಪಿಸಲಾರದು.

ಉಳಿದವು

ಕೈಯಾಸರೆ ಏರಿಳಿಯುವಂತಿರಲಿ. ಎತ್ತರವಾದರೆ ಭುಜ ಕಿವಿಯ ಹತ್ತಿರ ಬರುತ್ತದೆ. ಮೇಜಿನ ಕೆಳಗೆ ತೂರದಿದ್ದರೆ ನೀವು ಕೀಬೋರ್ಡಿನಿಂದ ದೂರ ಉಳಿಯುತ್ತೀರಿ. ಬುಡಕ್ಕೆ ಐದು ಕಾಲು ಬೇಕು. ಗಟ್ಟಿ ನೆಲಕ್ಕೆ ಮೆತ್ತನೆಯ ಚಕ್ರ, ಕಾರ್ಪೆಟ್ಟಿಗೆ ಗಟ್ಟಿ ಚಕ್ರ. ಎಷ್ಟು ತೂಕ ತಡೆಯುತ್ತದೆ ಎಂದು ಓದಿ. ಬಲೆಬಟ್ಟೆ ಬೆವರು ಹಿಡಿಯುವುದಿಲ್ಲ. ಕುಷನ್ ಆದರೆ ಕೂತಾಗ ಕೆಳಗಿನ ಹಲಗೆ ಮೈಗೆ ತಾಗಬಾರದು.

ಅಂಗಡಿಯಲ್ಲಿ ಇಪ್ಪತ್ತು ನಿಮಿಷ ಕೂರಿ. ಟೈಪ್ ಮಾಡುವ ಹಾಗೆ ಕೈ ಚಾಚಿ, ಫೋನ್ ನೋಡಿ, ಪಕ್ಕಕ್ಕೆ ತಿರುಗಿ. ಮೊದಲ ನಿಮಿಷದ ಹಾಯನ್ನು ನಂಬಬೇಡಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಕಾಲು ಮರಗಟ್ಟುತ್ತಿದ್ದರೆ ಕುರ್ಚಿಗಿಂತ ಮೊದಲು ಡಾಕ್ಟರ ಬಳಿ ಹೋಗಿ. ಮೂತ್ರದ ಹಿಡಿತ ತಪ್ಪಿದರಂತೂ ತಡಮಾಡದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕುರ್ಚಿ ಮನೆಗೆ ಬಂದ ದಿನ ಮೊದಲು ಎತ್ತರ, ನಂತರ ಆಳ, ಆಮೇಲೆ ಸೊಂಟದ ಆಸರೆ, ಕೊನೆಗೆ ಕೈಯಾಸರೆ ಹೊಂದಿಸಿ. ಇಬ್ಬರು ಬಳಸುವುದಾದರೆ ಇಬ್ಬರ ಸೀಟಿನ ಎತ್ತರಕ್ಕೂ ಮೇಜಿನ ಕಾಲಿನ ಮೇಲೆ ಪೆನ್ಸಿಲಿನಲ್ಲಿ ಒಂದೊಂದು ಗೆರೆ ಎಳೆದಿಡಿ. ಕೂರುವ ಮೊದಲು ಸೀಟನ್ನು ನಿಮ್ಮ ಗೆರೆಯ ಮಟ್ಟಕ್ಕೆ ತಂದರಾಯಿತು.