ರೀಪು, ತೂಗುಗುಂಡು, ಮೂರು ಮಿಲಿಮೀಟರ್ ತೂತು: ಶಿಕ್ಷಕರ ಕಾರ್ಯಾಗಾರದ ಒಂದು ದಿನ

ಭೂಮಿ ಮತ್ತು ಆಕಾಶದ ಪಾಠಗಳಿಗಾಗಿ ಪ್ರೌಢಶಾಲಾ ಶಿಕ್ಷಕರ ಕಾರ್ಯಾಗಾರ ನಡೆಸುವಾಗ ನಾವು ಪ್ರೊಜೆಕ್ಟರ್ ಹಚ್ಚುವುದಿಲ್ಲ. ದಿನದ ಬಹುಪಾಲು ಕೆಲಸ ಅಂಗಳದಲ್ಲೇ. ಸಂಜೆಯ ಹೊತ್ತಿಗೆ ಪ್ರತಿ ಗುಂಪಿನ ಕೈಯಲ್ಲೂ ಭೂಮಿಯ ಸುತ್ತಳತೆ ಎಂದು ಒಂದು ಅಂಕಿ ಇರಬೇಕು. ಅದು ಎಷ್ಟು ತಪ್ಪಿದೆ, ಯಾಕೆ ತಪ್ಪಿದೆ ಎಂದು ಅವರೇ ಹೇಳಬೇಕು. ಸರಿಯುತ್ತರ ಪಠ್ಯಪುಸ್ತಕದಲ್ಲಿ ಇದ್ದೇ ಇದೆ. ತರಗತಿಯಲ್ಲಿ ಕೈಹಿಡಿಯುವುದು ತಪ್ಪಿನ ಲೆಕ್ಕ.

ತಾರೀಖು ಗೊತ್ತುಮಾಡಲು ಪಂಚಾಂಗ ಬೇಕು. ಫೆಬ್ರವರಿಯಲ್ಲಿ ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಆ ತಿಂಗಳಲ್ಲಿ ಬಹುಳ ಅಷ್ಟಮಿಯ ಆಸುಪಾಸಿನ ದಿನವನ್ನು ಹಿಡಿಯುತ್ತೇವೆ. ಬೆಳಿಗ್ಗೆ ಎಂಟೂವರೆಗೆ ಶಿಕ್ಷಕರು ಬರುವಾಗ ನೈಋತ್ಯದಲ್ಲಿ ಅರ್ಧಚಂದ್ರ ಇನ್ನೂ ಕಾಣುತ್ತಿರುತ್ತಾನೆ. ಮೊದಲ ಕೆಲಸ, ಚಂದ್ರನ ಕಲೆಗಳಿಗೆ, ಅಂದರೆ ಅವನು ದಿನದಿನಕ್ಕೆ ಹೆಚ್ಚಿ ಕುಗ್ಗುವುದಕ್ಕೆ, ಕಾರಣವನ್ನು ಚೀಟಿಯಲ್ಲಿ ಬರೆದು ಮಡಚಿಡುವುದು. ‘ಭೂಮಿಯ ನೆರಳು’ ಎಂಬ ಉತ್ತರ ಪ್ರತಿ ಸಲವೂ ಇರುತ್ತದೆ. ಆಮೇಲೆ ಕಡ್ಡಿಗೆ ಚುಚ್ಚಿದ 5 ಸೆಂ.ಮೀ. ಥರ್ಮೋಕೋಲ್ ಚೆಂಡನ್ನು ಬಿಸಿಲಿನಲ್ಲಿ, ತೋಳು ಚಾಚಿ, ಚಂದ್ರನ ಪಕ್ಕಕ್ಕೇ ಹಿಡಿಯಬೇಕು. ಚಂದ್ರನಲ್ಲಿ ಎಷ್ಟು ಭಾಗ ಬೆಳಗಿದೆಯೋ ಚೆಂಡಿನಲ್ಲೂ ಅಷ್ಟೇ, ಅದೇ ಮಗ್ಗುಲು. ಸೂರ್ಯ ಪೂರ್ವದಲ್ಲಿದ್ದಾನೆ, ಹಾಗಾಗಿ ಭೂಮಿಯ ನೆರಳು ಅವನಿಗೆ ಎದುರು ದಿಕ್ಕಿಗೆ ಹೋಗುತ್ತದೆ. ಚಂದ್ರ ಇರುವುದು ಆ ದಿಕ್ಕಿನಲ್ಲಿ ಅಲ್ಲ. ಇಲ್ಲಿ ನಾವು ಬಾಯಿ ಬಿಡುವುದಿಲ್ಲ. ಚೀಟಿ ಬಿಚ್ಚಿ ತಿದ್ದುವುದು ಅವರವರ ಕೆಲಸ.

ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. 40 ಮಿ.ಮೀ.ನ ಟೇಬಲ್ ಟೆನಿಸ್ ಚೆಂಡು ಭೂಮಿಯಾದರೆ, ದಪ್ಪನೆಯ ಕಾಬೂಲ್ ಕಡಲೆ ಚಂದ್ರ. ಇಬ್ಬರ ನಡುವೆ 1.2 ಮೀಟರ್. ಚಂದ್ರನ ಕಕ್ಷೆಯ ಓರೆ ಸುಮಾರು 5 ಡಿಗ್ರಿ. ಅಂದರೆ ಕಡಲೆ 10 ಸೆಂ.ಮೀ.ಗೂ ತುಸು ಹೆಚ್ಚು ಮೇಲಕ್ಕೋ ಕೆಳಕ್ಕೋ ಹೋಗಬಲ್ಲದು. ಅಲ್ಲಿ ಭೂಮಿಯ ಗಾಢ ನೆರಳಿನ ಅಗಲ 3 ಸೆಂ.ಮೀ. ಕೂಡ ಇಲ್ಲ. ಪುಸ್ತಕದ ಚಿತ್ರಗಳಲ್ಲಿ ಚಂದ್ರನನ್ನು ಭೂಮಿಯ ಪಕ್ಕಕ್ಕೇ ಅಂಟಿಸಿರುವುದರಿಂದ ಈ ಜಾಗ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಇನ್ನು ದಿನದ ದೊಡ್ಡ ಕೆಲಸ. ಬೆಂಗಳೂರಿನಲ್ಲಿ ಒಂದು ತಂಡ, ಕಲಬುರಗಿಯಲ್ಲಿ ಇನ್ನೊಂದು, ಎರಡೂ ಕಡೆ ಒಂದೇ ದಿನ ನಡುಹಗಲಿನ ನೆರಳಿನ ಅಳತೆ. ಐದು ಜನಕ್ಕೆ ಒಂದು ಸಾಮಾನಿನ ಗಂಟು: ಮರಳು ತುಂಬಿದ ಹಳೇ ಪೇಂಟ್ ಡಬ್ಬಿಯಲ್ಲಿ ನಿಲ್ಲಿಸಿದ ಮರದ ರೀಪು, ಅದರ ತುದಿಗೆ ಅಡ್ಡಪಟ್ಟಿ, ಪಟ್ಟಿಯ ಮೇಲೆ 15 ಸೆಂ.ಮೀ. ಚೌಕದ ದಪ್ಪ ರಟ್ಟು, ರಟ್ಟಿನ ನಡುವೆ 3 ಮಿ.ಮೀ. ತೂತು. ಕೆಳಗೆ ಪ್ಲೈವುಡ್ ಹಲಗೆ, ಅದರ ಮೇಲೆ ಡ್ರಾಯಿಂಗ್ ಹಾಳೆ. ಗಾರೆ ಕೆಲಸದವರ ತೂಗುಗುಂಡು ಮತ್ತು ರಸಮಟ್ಟ ಇಲ್ಲದೆ ಶುರುಮಾಡಬೇಡಿ. ತೂತಿನಿಂದ ಹಾಳೆಗೆ ಸರಿಯಾಗಿ 1 ಮೀಟರ್ ಎತ್ತರ.

ಬರೀ ಕೋಲು ಸಾಲದೆ, ತೂತು ಯಾಕೆ? ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಕೋಲಿನ ನೆರಳಿನ ತುದಿ ಒಂದು ಸೆಂ.ಮೀ.ಗೂ ಹೆಚ್ಚು ಉದ್ದಕ್ಕೆ ಮಸುಕಾಗುತ್ತದೆ. ಕಪ್ಪು ಮುಗಿಯುವ ಕಡೆ ಗುರುತು ಹಾಕಿದರೆ ಅಳೆದದ್ದು ಬಿಲ್ಲೆಯ ಮೇಲಂಚನ್ನು. ನೆರಳು 6 ಮಿ.ಮೀ.ನಷ್ಟು ಗಿಡ್ಡ. ತೂತಿನಿಂದ ಬೀಳುವ ಬೆಳಕಿನ ಬಿಲ್ಲೆಯ ನಡುಮಧ್ಯೆ ಚುಕ್ಕೆ ಇಟ್ಟರೆ ಆ ತೊಂದರೆ ಇಲ್ಲ. ಎರಡೂ ಊರಿನವರು ಕೋಲಿನ ತುದಿಯನ್ನೇ ಅಳೆದರೂ ತಪ್ಪು ಪರಸ್ಪರ ವಜಾ ಆಗುತ್ತದೆ. ಒಂದು ಊರು ತೂತು, ಇನ್ನೊಂದು ಊರು ತುದಿ ಅಳೆದರೆ ಮಾತ್ರ ಸುತ್ತಳತೆ ಶೇ. 6ರಷ್ಟು, ಅಂದರೆ 2,500 ಕಿ.ಮೀ. ಹತ್ತಿರ, ತಪ್ಪುತ್ತದೆ. ವಿಧಾನ ಯಾವುದೇ ಇರಲಿ, ಹಿಂದಿನ ದಿನವೇ ಫೋನಿನಲ್ಲಿ ಮಾತಾಡಿ ಒಂದಕ್ಕೇ ಗಂಟುಬೀಳಿ.

ರೀಪಿನ ಬುಡದಿಂದ ಅಳೆಯುವುದು ಇನ್ನೊಂದು ಹಳೇ ಚಾಳಿ. ರೀಪು 1 ಡಿಗ್ರಿ ವಾಲಿದರೂ ತುದಿ 17 ಮಿ.ಮೀ. ಸರಿದಿರುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ತೂತಿನಿಂದ ತೂಗುಗುಂಡು ಇಳಿಬಿಟ್ಟು, ಅದು ಮುಟ್ಟಿದ ಜಾಗದಲ್ಲಿ ಗುರುತು ಮಾಡಿ, ದಾರ ತೆಗೆದು, ಅಲ್ಲಿಂದ ಬೆಳಕಿನ ಬಿಲ್ಲೆಯ ನಡುವಿನ ಚುಕ್ಕೆಯವರೆಗೆ ಅಳೆಯಿರಿ. ನಮ್ಮ ಲೆಕ್ಕದಲ್ಲಿ ನೆರಳಿನ ಉದ್ದ ಎಂದರೆ ಇದೇ. ಆಗ ರೀಪು ಸೊಟ್ಟಗಿದ್ದರೂ ಚಿಂತೆಯಿಲ್ಲ. ಗಾಳಿಗೆ ದಾರ ಆಡಿದರೆ ಇಬ್ಬರು ಅಡ್ಡ ನಿಂತರಾಯಿತು. ಹಲಗೆಯ ಮಟ್ಟ ನೋಡದೆ ಬಿಡಬಾರದು: ಮಳೆನೀರು ಹರಿಯಲೆಂದು ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ.

ನೆರಳು ಅತಿ ಗಿಡ್ಡವಾಗುವುದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು 77.6ರಲ್ಲಿದೆ, ಆ ಲೆಕ್ಕಕ್ಕೆ 20 ನಿಮಿಷ ತಡ. ಭೂಮಿಯ ಕಕ್ಷೆಯ ಆಕಾರ ಮತ್ತು ಅಕ್ಷದ ಓರೆಯಿಂದ ಫೆಬ್ರವರಿ ಮಧ್ಯಭಾಗದಲ್ಲಿ ಇನ್ನೂ 14 ನಿಮಿಷ. ಹಾಗಾಗಿ ಬೆಂಗಳೂರಿನ ನಡುಹಗಲು 12:34ಕ್ಕೆ, ಕಲಬುರಗಿಯದು 12:37ಕ್ಕೆ. 12:05ರಿಂದ 1:05ರವರೆಗೆ ಐದು ನಿಮಿಷಕ್ಕೊಂದು ಚುಕ್ಕೆ ಇಡುತ್ತೇವೆ. ಅಡುಗೆಯವರಿಗೆ ಊಟ ಒಂದೂಕಾಲಿಗೆ ಎಂದು ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಮುಖ್ಯವಾದ ಚುಕ್ಕೆಗಳ ಹೊತ್ತಿಗೆ ಅಂಗಳದಲ್ಲಿ ಯಾರೂ ಉಳಿದಿರುವುದಿಲ್ಲ.

ಫೆಬ್ರವರಿ 11ರ ಸುಮಾರಿಗೆ ಬೆಂಗಳೂರಿನಲ್ಲಿ ಅತಿ ಗಿಡ್ಡ ನೆರಳು 51 ಸೆಂ.ಮೀ., ಕಲಬುರಗಿಯಲ್ಲಿ 61 ಸೆಂ.ಮೀ. ಆಸುಪಾಸು ಬರಬೇಕು. ನೆರಳನ್ನು ಎತ್ತರದಿಂದ ಭಾಗಿಸಿ, ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ವಿಲೋಮ (tan⁻¹) ತೆಗೆದರೆ ಕೋನ ಸಿಗುತ್ತದೆ. ಅದು ರೇಡಿಯನ್‌ನಲ್ಲಿ ಇದ್ದರೆ ಡಿಗ್ರಿಗೆ ಬದಲಿಸಿಕೊಳ್ಳಿ. ಅರ್ಧದಷ್ಟು ಗೊಂದಲ ಇಲ್ಲೇ ಹುಟ್ಟುವುದು. ಕೋನಮಾಪಕ ಬೇಡ, ಅದರಲ್ಲಿ ಅರ್ಧ ಡಿಗ್ರಿ ತಪ್ಪುವುದು ಸಹಜ. ಎರಡು ಊರಿನ ಕೋನಗಳ ವ್ಯತ್ಯಾಸ 4.4 ಡಿಗ್ರಿ ಹತ್ತಿರ. ಸೂರ್ಯನ ಕಿರಣಗಳು ಎರಡೂ ಊರಿಗೆ ಸಮಾನಾಂತರವಾಗಿ ಬರುವುದರಿಂದ, ಭೂಮಿಯ ಪೂರ್ತಿ ಸುತ್ತಿನ 360 ಡಿಗ್ರಿಯಲ್ಲಿ ಎರಡು ಊರುಗಳ ನಡುವಿನ ಪಾಲು ಅಷ್ಟು. 360ನ್ನು ಅದರಿಂದ ಭಾಗಿಸಿ, ಊರುಗಳ ಉತ್ತರ-ದಕ್ಷಿಣ ದೂರದಿಂದ ಗುಣಿಸಿದರೆ ಸುತ್ತಳತೆ.

ಆ ದೂರವೇ ದೊಡ್ಡ ತಕರಾರು. ರಸ್ತೆಯ ದೂರ ಹಿಡಿದರೆ ಭೂಮಿ ಊದಿಕೊಳ್ಳುತ್ತದೆ. ಒಂದು ಡಿಗ್ರಿಗೆ 111 ಕಿ.ಮೀ. ಎಂದು ಅಕ್ಷಾಂಶದಿಂದ ಲೆಕ್ಕ ಹಾಕಿದರೆ ಉತ್ತರವನ್ನೇ ಪ್ರಶ್ನೆಯೊಳಗೆ ತುರುಕಿದಂತೆ. ಗೋಡೆಯ ಭೂಪಟದಲ್ಲಿ ಎರಡೂ ಊರುಗಳ ಮೂಲಕ ಪೂರ್ವ-ಪಶ್ಚಿಮ ಗೆರೆ ಎಳೆದು, ಗೆರೆಗಳ ನಡುವಿನ ಅಂತರವನ್ನು ಭೂಪಟದ ಅಳತೆಪಟ್ಟಿಯಿಂದ ತೆಗೆಯಬೇಕು: ಸುಮಾರು 480 ಕಿ.ಮೀ. ಧ್ರುವಗಳ ಮೂಲಕ ಭೂಮಿಯ ನಿಜವಾದ ಸುತ್ತಳತೆ 40,008 ಕಿ.ಮೀ. ನೆರಳಿನಲ್ಲಿ 1 ಮಿ.ಮೀ. ತಪ್ಪಿದರೆ ಇಲ್ಲಿ ಶೇ. 1 ತಪ್ಪು. ಒಂದು ಕಡೆ ಮೋಡ ಕವಿದು ಮರುದಿನ ಅಳೆದರೆ ಸೂರ್ಯನೇ ಮೂರನೇ ಒಂದು ಡಿಗ್ರಿ ಸರಿದಿರುತ್ತಾನೆ, ಅದು ಶೇ. 7ಕ್ಕೂ ಹೆಚ್ಚು.

ಊಟದ ಮೇಲೆ ಒಂದು ಗಂಟೆ ಕಲ್ಲು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಒಂದು ಪಾಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಒಂಬತ್ತು ಪಾಲು ನೀರಿಗೆ ಹಾಕಿ (ನೀರನ್ನು ಆಮ್ಲಕ್ಕಲ್ಲ), ಒಂದು ಹನಿ ಬಿಟ್ಟರೆ ನೊರೆ ಏಳುತ್ತದೆ. ಗ್ರಾನೈಟಿಗೆ ಏಳುವುದಿಲ್ಲ. ಎದ್ದರೆ ಅದಕ್ಕೆ ಸಿಮೆಂಟು ಮೆತ್ತಿರುತ್ತದೆ, ಉಜ್ಜಿ ತೊಳೆದು ಮತ್ತೆ ನೋಡಿ. ಒಡೆದ ಚೂರಿನ ಮೇಲೆ ಮಾಡಿ, ಶಾಲೆಯ ನೆಲದ ಮೇಲೆ ಮಾಡಿದರೆ ಕಲೆ ಉಳಿಯುತ್ತದೆ.

ಹೊರಡುವ ಮುನ್ನ ಪ್ರತಿ ಶಾಲೆಗೂ ಜೋಡಿ ಶಾಲೆ ಗೊತ್ತುಮಾಡಬೇಕು. ಬೆಂಗಳೂರಿನವರು ಹತ್ತಿರ ಅಂತ ಮೈಸೂರನ್ನು ಕೇಳುತ್ತಾರೆ. ಅಲ್ಲಿಗೆ ಅಕ್ಷಾಂಶದ ವ್ಯತ್ಯಾಸ ಮುಕ್ಕಾಲು ಡಿಗ್ರಿಯೂ ಇಲ್ಲ, 1 ಮಿ.ಮೀ. ತಪ್ಪಿಗೆ ಶೇ. 7 ತೆರಬೇಕಾಗುತ್ತದೆ. ಬೀದರ್, ಕಲಬುರಗಿ, ವಿಜಯಪುರದ ಕಡೆಯ ಶಾಲೆಗಳನ್ನೇ ಕೊಡಿ.